ಕೀಲಿಕೈ ಯಾರ ಕೈಯಲ್ಲಿ?

"ಗಂಡನಿಂದ ಮುಚ್ಚಿ ಇಡೂವಂಥಾದ್ದು ಏನೈತವ್ವಾ ನಿನಗ?"

ಗೆಳತಿಯರೇ, ಈ ಮಾತನ್ನು ನಾನು ಕೊಪ್ಪಳದಲ್ಲಿ ಕೇಳಿದ್ದೇನೆ, ಗಂಗಾವತಿಯಲ್ಲಿ ಕೇಳಿದ್ದೇನೆ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳ ಕಟ್ಟೆಯ ಮೇಲೂ ಕೇಳಿದ್ದೇನೆ. ಸೊಸೆ ತನ್ನ ಫೋನಿಗೋ, ಮನೆಯ ಕಂಪ್ಯೂಟರಿನಲ್ಲಿ ತಾನು ಮಾಡಿಕೊಂಡ ಒಂದು ಫೋಲ್ಡರಿಗೋ ಪಾಸ್‌ವರ್ಡ್ ಹಾಕಿದಳೆಂದರೆ ಸಾಕು, ಈ ಪ್ರಶ್ನೆ ಎದ್ದು ಬರುತ್ತದೆ. ಅತ್ತೆ ಕೇಳುತ್ತಾಳೆ, ಮೈದುನ ಕೇಳುತ್ತಾನೆ, ರಾಜಿ ಮಾಡಿಸಲು ಕೂತ ಹಿರಿಯರು ಕೇಳುತ್ತಾರೆ. ಅವರು ಕೇಳಿದರೆ ನನಗೆ ಆಶ್ಚರ್ಯವಿಲ್ಲ. ನಮ್ಮ ಸಂಘದ ಸಭೆಯಲ್ಲಿ, ಉಳಿತಾಯದ ಪುಸ್ತಕ ಮುಂದಿಟ್ಟುಕೊಂಡು ಕೂತ ನಮ್ಮ ಅಕ್ಕಂದಿರೇ ಕೇಳುತ್ತಾರಲ್ಲ, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಒಕ್ಕೂಟದ ಲೆಕ್ಕ ಬರೆಯುವವಳು. ದಿನದ ಅರ್ಧ ಕಂಪ್ಯೂಟರಿನ ಮುಂದೆ ಕಳೆಯುತ್ತೇನೆ. ಕೀಲಿಯ ವಿಷಯ ನನಗೂ ನಿಮಗೂ ಹೊಸದಲ್ಲ. ನಮ್ಮ ಸಂಘ ಹುಟ್ಟಿದ್ದೇ ಒಂದು ಪೆಟ್ಟಿಗೆ ಮತ್ತು ಒಂದು ಕೀಲಿಯಿಂದ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಇನ್ನೊಬ್ಬರ ಮನೆಯಲ್ಲಿ ಇರಬೇಕೆಂದು ಮೊದಲ ಸಭೆಯಲ್ಲೇ ಠರಾವು ಬರೆದೆವು. ಆ ದಿನ ಯಾರಾದರೂ "ಕೀಲಿ ಯಾಕ ಹಾಕ್ತೀರಿ, ಏನ್ ತಪ್ಪು ಮಾಡೀರಿ?" ಎಂದು ಕೇಳಿದರೇ? ಇಲ್ಲ. ಹತ್ತಿಪ್ಪತ್ತು ಹೆಂಗಸರ ಬೆವರಿನ ದುಡ್ಡು ಅದರಲ್ಲಿದೆ, ಕೀಲಿ ಇರಲೇಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಹತ್ತಿಪ್ಪತ್ತು ಹೆಂಗಸರಿಗೆ ಒಪ್ಪುವ ಕೀಲಿ ಒಬ್ಬ ಹೆಂಗಸಿಗೆ ಯಾಕೆ ಒಪ್ಪುವುದಿಲ್ಲ?

ಮನೆಯೊಳಗೆ ಒಂದು ಸುತ್ತು ಹಾಕಿ ನೋಡಿರಿ. ಹೊಲದ ಪಹಣಿ ಗಂಡಸರ ಟ್ರಂಕಿನಲ್ಲಿದೆ, ಕೀಲಿ ಹಾಕಿದೆ. ತಿಜೋರಿಯ ಕೀಲಿಕೈ ಮಾವನ ಉಡದಾರದಲ್ಲಿದೆ. ಗಂಡನ ಫೋನು ಮುಟ್ಟಿದರೆ ಬೆರಳಚ್ಚು ಕೇಳುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯ ಆಫೀಸಿನಲ್ಲಿ ಬಿಲ್ ಬರೆಯುವ ಹುಡುಗಿ ಮಾಲೀಕರ ಲೆಕ್ಕಕ್ಕೆ ಪಾಸ್‌ವರ್ಡ್ ಹಾಕಿದರೆ ಅವಳು ನಂಬಿಗಸ್ತೆ. ಅದೇ ಹುಡುಗಿ ಸಂಜೆ ಮನೆಗೆ ಬಂದು ತನ್ನ ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರೆ ನಡತೆಗೆಟ್ಟವಳು. ಕೀಲಿಯ ಮೇಲೆ ಯಾರಿಗೂ ಸಿಟ್ಟಿಲ್ಲ. ಕೀಲಿಕೈ ಹೆಣ್ಣಿನ ಕೈಗೆ ಬಂತಲ್ಲ, ಸಿಟ್ಟು ಅದಕ್ಕೆ.

ಇನ್ನೊಂದು ದೊಡ್ಡ ಸುಳ್ಳಿದೆ. ಮದುವೆಯಾಗಿ ಹೊಸ್ತಿಲು ದಾಟಿದ ದಿನವೇ ನಮಗೆ ಹೇಳುತ್ತಾರೆ, "ಮನಿ ಗುಟ್ಟು ಹೊರಗ ಹೋಗಬಾರದು." ಗಂಡ ಹೊಡೆದರೆ ಅದು ಮನೆಯ ಗುಟ್ಟು. ತವರಿನಿಂದ ಇನ್ನೂ ಐವತ್ತು ಸಾವಿರ ತಾ ಎಂದರೆ ಅದು ಮನೆಯ ಗುಟ್ಟು. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ "ಸ್ಟೋವ್ ಸಿಡೀತು" ಎಂದು ಹೇಳಿಸುವುದೂ ಮನೆಯ ಗುಟ್ಟಿಗಾಗಿಯೇ. ಅವರ ತಪ್ಪನ್ನೆಲ್ಲ ನಮ್ಮ ಹೊಟ್ಟೆಯಲ್ಲಿಟ್ಟುಕೊಂಡು ಕಾಯಬೇಕು. ನಮ್ಮದೆಂಬ ಒಂದು ಕಾಗದ, ಒಂದು ಫೋಟೋ, ಒಂದು ಲೆಕ್ಕ ಮಾತ್ರ ನಮ್ಮದಾಗಿ ಇರಬಾರದು. ಇದು ಯಾವ ಊರಿನ ನ್ಯಾಯ?

ಕೆಲವು ಗೆಳತಿಯರು ನನಗೆ ಎದುರು ಹೇಳುತ್ತಾರೆ: "ಮನೆಯ ಬಾಗಿಲು ತೆಗೀರಿ, ಒಳಗೆ ನಡೆಯೋದು ಖಾಸಗಿ ವಿಷಯ ಅಲ್ಲ ಅಂತ ಇಷ್ಟು ವರ್ಷ ಹೋರಾಡಿದವರು ನಾವೇ. ಈಗ ಖಾಸಗಿ ಅಂತ ನಾವೇ ಕೀಲಿ ಹಾಕಿದರೆ ಹೆಂಗ?" ಒಳ್ಳೆಯ ಪ್ರಶ್ನೆ, ಉತ್ತರ ಕೊಡಲೇಬೇಕು. ಮನೆಯ ಬಾಗಿಲು ಮುಚ್ಚಿ ಒಳಗೆ ಹೊಡೆಯುವವನು ಕೇಳುವ ಖಾಸಗಿತನ ಒಂದು. ಹೊಡೆತ ತಿಂದವಳು ತನ್ನ ಸಾಕ್ಷಿಯನ್ನು, ತನ್ನ ಮನಸ್ಸನ್ನು ಉಳಿಸಿಕೊಳ್ಳಲು ಕೇಳುವ ಖಾಸಗಿತನ ಇನ್ನೊಂದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಗಂಡಾಳಿಕೆಯ ಮನೋಭಾವವನ್ನು ಬಚ್ಚಿಡಲು ಖಾಸಗಿತನವನ್ನು ಮುಸುಕು ಮಾಡಿಕೊಳ್ಳಬಾರದು ಎಂಬುದು. ಅಂದರೆ ಈ ಹಕ್ಕು ಹೆಂಗಸಿಗೆ ಒಬ್ಬ ವ್ಯಕ್ತಿಯಾಗಿ ಸಿಕ್ಕಿದ್ದು. ಅವಳ ಬಾಯಿ ಮುಚ್ಚಿಸಲು ಮನೆತನಕ್ಕೆ ಯಾರೂ ಅದನ್ನು ಕೊಟ್ಟಿಲ್ಲ.

ಆ ಫೋಲ್ಡರಿನಲ್ಲಿ ಅಂಥದ್ದೇನಿರುತ್ತದೆ? ಮೊದಲು ಇರಬೇಕಾದದ್ದು ಪಟ್ಟಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು. ಅದರ ಕೆಳಗೆ 1985ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮದುವೆಯಲ್ಲಿ ಹೆಣ್ಣಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಹೆಣ್ಣೇ ಇಟ್ಟುಕೊಳ್ಳಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನಾಗಬೇಕು ಎಂದು ಬರೆದು ಹೆಣ್ಣು ಗಂಡು ಇಬ್ಬರೂ ಸಹಿ ಹಾಕಬೇಕು. 40 ವರ್ಷವಾಯಿತು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಾನು ಹೋದ ಎಷ್ಟು ಮದುವೆಗಳಲ್ಲಿ ಈ ಪಟ್ಟಿ ಕಂಡಿದ್ದೇನೆ? ಒಂದರಲ್ಲೂ ಇಲ್ಲ. ಮುಯ್ಯಿ ಬರೆದುಕೊಳ್ಳಲು ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ, ಹನ್ನೊಂದು ರೂಪಾಯಿಯನ್ನೂ ಬಿಡದೆ ಬರೆಯುತ್ತಾರೆ. ಹುಡುಗಿಯ ಮೈಮೇಲೆ ಹೋದ ಬಂಗಾರ ಎಷ್ಟು ತೊಲ ಎಂದು ಬರೆಯುವವರಿಲ್ಲ. ಸ್ತ್ರೀಧನದ ಪೂರ್ಣ ಒಡತಿ ಹೆಂಡತಿಯೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಅದನ್ನು ತಿರುಗಿ ಕೊಡಿಸುವ ಅಧಿಕಾರ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರಿಗಿದೆ. "ಏನು ಕೊಟ್ಟಿದ್ದರು?" ಎಂದು ಅವರು ಕೇಳಿದಾಗ ಉತ್ತರ ನಮ್ಮ ಕೈಯಲ್ಲಿರಬೇಕು. ಕೊಟ್ಟದ್ದನ್ನು ಬರೆದಿಟ್ಟರೆ ತವರಿನವರೇ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬ ಹೆದರಿಕೆ ಇದೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7ನೇ ಕಲಮು ಹೇಳುತ್ತದೆ.

ಪಟ್ಟಿಯ ಜೊತೆಗೆ ಸರಾಫರ ಬಿಲ್ಲಿನ ಫೋಟೋ, ಆಸ್ಪತ್ರೆಯ ಚೀಟಿ, ಗಾಯದ ಫೋಟೋ, ಹಣ ಕೇಳಿ ಕಳಿಸಿದ ಧ್ವನಿ ಸಂದೇಶ, ಪಾಸ್‌ಬುಕ್ಕಿನ ಪುಟ. ಇವುಗಳನ್ನು ಕಾಪಾಡಬೇಕೆಂದು ಎಲ್ಲರೂ ಒಪ್ಪುತ್ತೀರಿ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಆ ಫೋಲ್ಡರಿನಲ್ಲಿ ಇವು ಯಾವುವೂ ಇಲ್ಲದೆ ಗೆಳತಿಗೆ ಬರೆದ ಕಾಗದ, ತಾನೇ ಕಟ್ಟಿದ ನಾಲ್ಕು ಸಾಲಿನ ಹಾಡು, ಸತ್ತ ಅವ್ವನ ಫೋಟೋ ಇದ್ದರೂ ಅದಕ್ಕೆ ಕೀಲಿ ಹಾಕುವ ಹಕ್ಕು ಅವಳದೇ. ಸಾಕ್ಷಿ ಇದ್ದರೆ ಮಾತ್ರ ಕೀಲಿ ನ್ಯಾಯ ಎನ್ನುವುದಾದರೆ ಹೊಡೆಸಿಕೊಂಡ ಮೇಲಷ್ಟೇ ಹೆಣ್ಣು ಮನುಷ್ಯಳಾಗುತ್ತಾಳೆ ಎಂದಂತಾಗುತ್ತದೆ.

ಕುಷ್ಟಗಿ ಕಡೆಯ ಒಬ್ಬ ತಂಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು, ಬರೆಯುವುದು ಗೊತ್ತು. ಮದುವೆಗೆ ಕೊಟ್ಟದ್ದು, ಮದುವೆಯಾದ ಮೇಲೆ ಕೇಳಿ ಕೇಳಿ ತರಿಸಿಕೊಂಡದ್ದು ಎಲ್ಲವನ್ನೂ ತಾರೀಖು ಹಾಕಿ ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದಳು. ಫೋಲ್ಡರನ್ನು ಕಾಣದಂತೆ ಮರೆ ಮಾಡಿದ್ದಳು. ಮೈದುನ ಎರಡು ಗುಂಡಿ ಒತ್ತಿ ಅದನ್ನು ಹೊರಗೆ ತೆಗೆದ. ಪಟ್ಟಿ ಅಳಿಸಿ ಹೋಯಿತು, ಫೋಟೋಗಳು ಹೋದವು. ಅಳಿಸದೆ ಉಳಿಸಿಕೊಂಡದ್ದು ಒಂದೇ, ಅವಳು ಗೆಳತಿಗೆ ಬರೆದ ಕಾಗದ. ಅದನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದಿದರು. ಅವಳ ದೂರು ಕೇಳಲು ಕೂಡಿದ್ದ ಪಂಚಾಯ್ತಿ ಅವಳನ್ನೇ ಕಟಕಟೆಗೆ ನಿಲ್ಲಿಸಿತು. "ಗಂಡನ ಮನಿ ಬಗ್ಗೆ ಹಿಂಗ ಬರೀತಾಳ" ಎಂದರು. ಬಂಗಾರ ಎಲ್ಲಿ ಎಂದು ಕೇಳಿದವರೊಬ್ಬರೂ ಇರಲಿಲ್ಲ. ಕೀಲಿ ಇಲ್ಲದಿದ್ದರೆ ಆಗುವುದು ಇದು.

ಅದಕ್ಕೇ ಹೇಳುತ್ತೇನೆ, ಬೆದರಿಸಿ ಪಾಸ್‌ವರ್ಡ್ ಕೇಳುವುದು ದೌರ್ಜನ್ಯ. 2005ರ ಕಾಯ್ದೆಯಲ್ಲಿ ಪಾಸ್‌ವರ್ಡ್ ಎಂಬ ಪದವಿಲ್ಲ, ನಿಜ. ಹೊಡೆತ ಮಾತ್ರವಲ್ಲ, ಅವಮಾನ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯೂ ದೌರ್ಜನ್ಯವೆಂದು ಅದರ 3ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ನಿಮ್ಮ ಖಾತೆಗೆ ಬರುತ್ತದೆ. ಎಟಿಎಂ ಪಿನ್ ಮಾತ್ರ ಗಂಡನಿಗೆ ಗೊತ್ತು, ನಿಮಗೆ ಗೊತ್ತಿಲ್ಲ ಎಂದರೆ ಆ ಹಣ ಯಾರದು? ಗಂಡ ಹೆಂಡತಿಯ ಫೋನು ಮತ್ತು ಬ್ಯಾಂಕಿನ ಪಾಸ್‌ವರ್ಡನ್ನು ಬಲವಂತವಾಗಿ ಕೇಳುವಂತಿಲ್ಲ, ಅದು ಖಾಸಗಿತನದ ಉಲ್ಲಂಘನೆ, ಕೌಟುಂಬಿಕ ದೌರ್ಜನ್ಯವೂ ಆಗಬಹುದು ಎಂದು 2025ರಲ್ಲಿ ಛತ್ತೀಸಗಢ ಹೈಕೋರ್ಟು ಹೇಳಿದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಆ ಕಾಯ್ದೆಯಲ್ಲಿ ಗಂಡನಿಗೆ ರಿಯಾಯಿತಿ ಇಲ್ಲ.

ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪನ್ನೂ ಕೇಳಿರಿ. ಹುಬ್ಬಳ್ಳಿಯ ಒಬ್ಬ ಹೆಂಗಸಿಗೆ ಜೀವನಾಂಶ ಕೊಡದೆ ಗಂಡ ಕಣ್ಮರೆಯಾಗಿದ್ದ. ಅವನ ಆಧಾರ್ ಕಾರ್ಡಿನ ವಿಳಾಸ ಕೊಡಿ ಎಂದು ಆಕೆ ಅಲೆದಳು. ಮದುವೆಯಾದ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನದ ಹಕ್ಕು ಮಸುಕಾಗುವುದಿಲ್ಲ, ಹೆಂಡತಿ ಎಂಬ ಕಾರಣಕ್ಕೆ ಹಾಗೆ ನೇರವಾಗಿ ಕೇಳಿ ಪಡೆಯುವಂತಿಲ್ಲ ಎಂದು 2023ರಲ್ಲಿ ಹೈಕೋರ್ಟು ಹೇಳಿತು. ಜೀವನಾಂಶಕ್ಕೆ ಅಲೆಯುವವಳಿಗೆ ಈ ಮಾತು ಕಹಿ. ಕಹಿಯಾದರೂ ನಾವು ಅದನ್ನು ಹಿಡಿದುಕೊಳ್ಳೋಣ. ತಪ್ಪಿಸಿಕೊಂಡ ಗಂಡನ ವಿಳಾಸಕ್ಕೆ ಇಷ್ಟು ಗಟ್ಟಿ ಕೀಲಿ ಇದೆಯೆಂದಾದರೆ, ಮನೆಯಲ್ಲೇ ಇದ್ದು ದುಡಿಯುವ ಹೆಂಡತಿಯ ಫೋಲ್ಡರಿಗೆ ಯಾಕಿಲ್ಲ?

ಕೋರ್ಟು ಎಲ್ಲವನ್ನೂ ಕಾಯುತ್ತದೆಂದು ನಂಬಿ ಕೂರಬೇಡಿ. ಗಂಡ ಹೆಂಡತಿ ಒಬ್ಬರ ಮಾತನ್ನೊಬ್ಬರು ಕದ್ದು ಧ್ವನಿಮುದ್ರಣ ಮಾಡಿದ್ದರೂ ವಿಚ್ಛೇದನದ ಮೊಕದ್ದಮೆಯಲ್ಲಿ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆ ಮೊಕದ್ದಮೆಯಲ್ಲಿ ಮುದ್ರಿಸಿಕೊಂಡವನು ಗಂಡ. ನಾಳೆ ನಮ್ಮ ಬಳಿ ಇರುವ ಧ್ವನಿಯೂ ಕೋರ್ಟಿಗೆ ಹೋಗಬಹುದು, ನಮ್ಮಿಂದ ಕದ್ದದ್ದೂ ಹೋಗಬಹುದು. ಕದ್ದ ಮೇಲೆ ತಕರಾರು ಮಾಡುವುದಕ್ಕಿಂತ ಕದಿಯದಂತೆ ನೋಡಿಕೊಳ್ಳುವುದು ಮೇಲು.

ಹಾಗಾದರೆ ಕೀಲಿ ಹಾಕುವುದು ಹೇಗೆ? ಸಂಘದಲ್ಲಿ ಕಂಪ್ಯೂಟರ್ ಬಲ್ಲ ಹುಡುಗಿಯನ್ನು ಕೂರಿಸಿಕೊಂಡು ಇದನ್ನು ಓದಿರಿ.

ಫೋಲ್ಡರನ್ನು ಮರೆ ಮಾಡುವುದು ಕೀಲಿಯಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ 'ಹಿಡನ್' ಎಂದು ಗುರುತು ಹಾಕಿದರೆ ಅದು ಜೋಳದ ಚೀಲದ ಹಿಂದೆ ದುಡ್ಡು ಇಟ್ಟಂತೆ. ಚೀಲ ಸರಿಸುವುದು ಗೊತ್ತಿದ್ದವರಿಗೆ ಕಾಣುತ್ತದೆ. ವಿಂಡೋಸ್‌ನಲ್ಲಿ ಒಂದೇ ಫೋಲ್ಡರಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಇಲ್ಲ. ಮೊದಲು ನಿಮ್ಮದೇ ಹೆಸರಿನ ಬೇರೆ ಖಾತೆ ಮಾಡಿಕೊಂಡು ಅದಕ್ಕೆ ಪಾಸ್‌ವರ್ಡ್ ಹಾಕಿರಿ. ಒಲೆ ಮೇಲಿನ ಹಾಲು ನೋಡಲು ಎದ್ದರೂ ವಿಂಡೋಸ್ ಗುಂಡಿಯ ಜೊತೆ 'ಎಲ್' ಒತ್ತಿ ಏಳಿರಿ, ಪರದೆಗೆ ಕೀಲಿ ಬೀಳುತ್ತದೆ. ಇದು ತಲಬಾಗಿಲ ಕೀಲಿ ಮಾತ್ರ. ಆ ಕಂಪ್ಯೂಟರಿನ 'ಅಡ್ಮಿನಿಸ್ಟ್ರೇಟರ್' ಖಾತೆ ಗಂಡನದಾಗಿದ್ದರೆ ಅವನು ನಿಮ್ಮ ಖಾತೆಯೊಳಗೂ ಬರಬಲ್ಲ.

ಒಳಗಿನ ಪೆಟ್ಟಿಗೆಗೆ ಬೇರೆ ಕೀಲಿ ಬೇಕು. 'ಸೆವೆನ್ ಜಿಪ್' ಎಂಬ ಪುಕ್ಕಟೆ ಸಾಧನವಿದೆ. ಫೋಲ್ಡರನ್ನು ಅದರಲ್ಲಿ ಗಂಟು ಕಟ್ಟಿ ಪಾಸ್‌ವರ್ಡ್ ಕೊಡಬಹುದು. ಒಳಗಿನ ಕಡತಗಳ ಹೆಸರೂ ಕಾಣದಂತೆ ಮಾಡುವ ಗುರುತು ಅಲ್ಲೇ ಇದೆ, ಅದನ್ನೂ ಹಾಕಿರಿ. ವರ್ಡ್‌ನಲ್ಲಿ ಬರೆದ ಒಂದೊಂದು ಕಡತಕ್ಕೂ ಪಾಸ್‌ವರ್ಡ್ ಹಾಕಲು ಬರುತ್ತದೆ. ಗಂಟು ಕಟ್ಟಿದ ಮೇಲೆ ಅದು ತೆರೆಯುತ್ತದೆಯೇ ಎಂದು ಒಮ್ಮೆ ನೋಡಿ, ಹೊರಗೆ ಉಳಿದ ಪ್ರತಿಯನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿರಿ. ಗಂಟಿಗೆ 'ಹಾಲಿನ ಲೆಕ್ಕ' ಎಂದೋ 'ಬೀಜ ಗೊಬ್ಬರ' ಎಂದೋ ಸಪ್ಪೆ ಹೆಸರಿಡಿ. ಒಂದು ಎಚ್ಚರಿಕೆ: ಈ ಪಾಸ್‌ವರ್ಡ್ ಮರೆತರೆ ತೆಗೆಯಬಲ್ಲ ಕೀಲಿಗಾರ ಯಾವ ಪೇಟೆಯಲ್ಲೂ ಸಿಗುವುದಿಲ್ಲ.

ಪಾಸ್‌ವರ್ಡ್ ಎಂಥದ್ದಿರಬೇಕು? ಗಂಡನ ಹೆಸರು, ಮಗನ ಹುಟ್ಟಿದ ತಾರೀಖು, ಮನೆದೇವರ ಹೆಸರು, ಫೋನ್ ನಂಬರು, ಇವು ಮನೆಯವರೆಲ್ಲ ಮೊದಲು ಒತ್ತಿ ನೋಡುವವು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತು ಸೇರಿಸಿ ಉದ್ದ ಮಾಡಿರಿ. ಉಳ್ಳಾಗಡ್ಡಿ, ಚಕ್ಕಡಿ, ಏಳು, ನೀಲಿ, ಬಾವಿ ಎನ್ನುವ ಹಾಗೆ. ಇದನ್ನೇ ಇಡಬೇಡಿ ಮತ್ತೆ, ಇದು ಅಚ್ಚಾಗಿ ಹೋಯಿತು. ಬೆರಳಚ್ಚನ್ನು ನಂಬಬೇಡಿ, ನಿದ್ದೆಯಲ್ಲಿದ್ದಾಗ ಬೆರಳು ಹಿಡಿದು ಒತ್ತಿಬಿಡಬಹುದು. ಲ್ಯಾಪ್‌ಟಾಪು ನಿಮ್ಮ ದುಡಿಮೆಯದಾದರೆ ಬಿಲ್ಲು ನಿಮ್ಮ ಹೆಸರಿಗೆ ಇರಲಿ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಪಾಸ್‌ವರ್ಡ್ ಪ್ರಾಣಕ್ಕಿಂತ ದೊಡ್ಡದಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಕೀಲಿ ಕಂಡ ಕೂಡಲೇ ಕೈ ಎತ್ತುವ ಮನೆಗಳಿವೆ. ಅಂಥ ಮನೆಯಲ್ಲಿರುವ ತಂಗಿಯೇ, ಕುತ್ತಿಗೆಗೆ ಕೈ ಬಂದರೆ ಪಾಸ್‌ವರ್ಡ್ ಹೇಳಿಬಿಡು. ಹೇಳಿದರೂ ಕಳೆಯದಂತೆ ಮೊದಲೇ ಪ್ರತಿ ಮಾಡಿಡು. ಒಂದು ಪೆನ್‌ಡ್ರೈವ್ ತವರಿನಲ್ಲಿ ಅಥವಾ ನಂಬಿಕೆಯ ಗೆಳತಿಯ ಬಳಿ ಇರಲಿ. ಮನೆಯ ಲ್ಯಾಪ್‌ಟಾಪಿಗಿಂತ ಅಲ್ಲೇ ಇಡುವುದು ಕ್ಷೇಮವೆನಿಸಿದರೆ ಅಲ್ಲೇ ಇಡು. ಗಾಯದ ಫೋಟೋ ಎಲ್ಲಿ ಮೊದಲು ತೆಗೆದಿತ್ತೋ ಆ ಮೂಲ ಪ್ರತಿ ಉಳಿದರೆ ಬಲ ಹೆಚ್ಚು, ವಾಟ್ಸಾಪಿನಲ್ಲಿ ಕಳಿಸಿದ್ದು ಸಣ್ಣದಾಗಿ ಹೋಗುತ್ತದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದನ್ನು ವಕೀಲರು ಮಾಡಿಸುತ್ತಾರೆ.

ಒಬ್ಬಳು ಒಂಟಿಯಾಗಿ ಕೀಲಿ ಹಾಕಿದರೆ ಅದು ಹಟ ಎನ್ನಿಸಿಕೊಳ್ಳುತ್ತದೆ. ಸಂಘ ಜೊತೆಗೆ ನಿಂತರೆ ಹಕ್ಕು ಎನ್ನಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ನಮ್ಮ ಮನೆ ಸರಿ ಮಾಡಿಕೊಳ್ಳೋಣ. ಒಕ್ಕೂಟದ ಕಂಪ್ಯೂಟರಿನಲ್ಲಿ ಸದಸ್ಯರ ಆಧಾರ್, ಖಾತೆ ನಂಬರು, ಸಾಲದ ಬಾಕಿ, ಕೆಲವೆಡೆ ದೌರ್ಜನ್ಯದ ದೂರುಗಳೂ ಇವೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೂರು ಕೊಟ್ಟವಳ ಗಂಡ "ಒಂದು ಪ್ರಿಂಟ್ ತೆಗೀಬೇಕು" ಎಂದು ಬಂದು ಕೂತರೆ ಏನಾದೀತು? ದೂರಿನ ಫೋಲ್ಡರಿಗೆ ಬೇರೆ ಪಾಸ್‌ವರ್ಡ್ ಇರಲಿ, ಅದು ಇಬ್ಬರು ಹೆಂಗಸರಿಗೆ ಮಾತ್ರ ತಿಳಿದಿರಲಿ. ಲೆಕ್ಕ ಬರೆಯುವವರ ಗಂಡಂದಿರು ಆ ಕುರ್ಚಿಯಲ್ಲಿ ಕೂರುವುದು ನಿಲ್ಲಲಿ.

ಮುಂದಿನ ವಾರದ ಸಭೆಯಲ್ಲಿ ನಡವಳಿ ಪುಸ್ತಕದಲ್ಲಿ ಮೂರು ಠರಾವು ಬರೆಯಿರಿ. ಒಂದು, ನಮ್ಮ ಸದಸ್ಯೆಯ ಫೋನಿನ, ಕಂಪ್ಯೂಟರಿನ ಪಾಸ್‌ವರ್ಡನ್ನು ಬಲವಂತದಿಂದ ಕೇಳುವುದನ್ನು ಸಂಘ ದೌರ್ಜನ್ಯವೆಂದು ಪರಿಗಣಿಸುತ್ತದೆ. ಎರಡು, ಕದ್ದು ತೆಗೆದ ಕಾಗದ, ಫೋಟೋ ಯಾವುದನ್ನೂ ನಮ್ಮ ಮುಂದೆ ಓದಲು, ತೋರಿಸಲು ಬಿಡುವುದಿಲ್ಲ. ಮೂರು, ಸಂಘದ ಸದಸ್ಯರ ಹೆಣ್ಣುಮಕ್ಕಳ ಮದುವೆಯಲ್ಲಿ 1985ರ ನಿಯಮದ ಪಟ್ಟಿ ಬರೆಸಿ ಸಹಿ ಹಾಕಿಸಿ, ಒಂದು ಪ್ರತಿಯನ್ನು ಸಂಘದ ಪೆಟ್ಟಿಗೆಯಲ್ಲಿಡುತ್ತೇವೆ.

ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಬಳಿ ಹೋಗಬಹುದು, ಸಂರಕ್ಷಣಾಧಿಕಾರಿಯ ಜವಾಬ್ದಾರಿ ಅವರಿಗಿದೆ. ಆಕೆ ಹೋಗಲಾರದಿದ್ದರೆ ಅವಳ ಪರವಾಗಿ ಬೇರೆಯವರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಫೋನಿನಲ್ಲಿ ಖಾತೆಯ ಹಣ ಲಪಟಾಯಿಸಿದರೆ 1930.

ಇನ್ನು ಮುಂದೆ "ಗಂಡನಿಂದ ಮುಚ್ಚಿ ಇಡೂದು ಏನೈತಿ" ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. "ನೀವು ಯಾಕ ಹುಡುಕಾಕ ಹತ್ತೀರಿ?" ಎಂದು ತಿರುಗಿ ಕೇಳಿರಿ. ಉತ್ತರ ಕೊಡಬೇಕಾದವರು ಅವರು.